ಸಾಕಮ್ಮನ ಗಾಡಿಗೆ ಕಬ್ಬಿಣದ ಪಟ್ಟೆ

ನಿಮ್ಮ ಮುತ್ತಜ್ಜಿಯೂ ಹುಟ್ಟೋಕೆ ಮುಂಚೆ, ಊರೂರಲ್ಲೂ ಎತ್ತಿನ ಗಾಡಿ ಗಡಗಡ ಅಂತಿದ್ದ ಕಾಲದಲ್ಲಿ, ಕಾಳಾಚಾರಿ ಅನ್ನೋ ಕಮ್ಮಾರ ಇದ್ದನಂತೆ ಮಗಾ. ಹಿರಿಮಗಳು ಸಾಕಮ್ಮನ್ನ ಗುಡ್ಡದಾಚೆ ಹಳ್ಳಿಗೆ ಕೊಟ್ಟಿದ್ದ, ಮನೇಲಿ ನಂಜ, ಮರಿಯ ಅಂತ ಇಬ್ಬರು ಗಂಡುಮಕ್ಕಳು, ಕೊನೆಯವಳು ಚಿಕ್ಕತಾಯಿ.

ಒಂದು ದಿನ ಅಳಿಯ ಒಂದು ಕೋಲು ಹಿಡ್ಕೊಂಡು ಬೆಳಗಿಂದ ಸಂಜೆವರೆಗೂ ನಡೆದು ಬಂದನಂತೆ. ಮಾವ, ಸಾಕಮ್ಮ ಬಸುರಿ, ತವರಿಗೆ ಕರಕೊಂಡು ಬರೋಣ ಅಂದ್ರೆ ಗಾಡಿಯ ಗಾಲಿ ಮುರೀತು, ಬಡಗಿ ಹೊಸದು ಮಾಡ್ತಿದ್ದಾನೆ, ನಡುವಿಂದ ಅಂಚಿಗೆ ಈ ಕೋಲಿನಷ್ಟು, ಸುತ್ತ ಹಾಕೋ ಪಟ್ಟೆ ನೀವು ಮಾಡಿಕೊಡಿ, ಎಂಟನೇ ತಿಂಗಳು ಹತ್ತಿದ್ರೆ ನಮ್ಮವ್ವ ಅವಳನ್ನ ಹೊಸಿಲು ದಾಟಿಸಲ್ಲ, ಇರೋದು ಮೂರೇ ದಿನ ಅಂದನಂತೆ.

ಕಾಳಾಚಾರಿ ಯಾವತ್ತೂ ಗಾಲೀನೇ ಉರುಳಿಸಿ ಅಳತೆ ತಗೊಂಡವನು, ಬರೀ ಕೋಲು ನೋಡಿ ಅವನಿಗೆ ಕೈಯೇ ಆಡಲಿಲ್ಲವಂತೆ. ಇದ್ದದ್ದೂ ಮೂರೇ ಕಬ್ಬಿಣದ ಸಲಾಕೆ. ನಂಜ ಆರು ಕೋಲುದ್ದ ಕತ್ತರಿಸಿ, ಕಾಯಿಸಿ, ಬಗ್ಗಿಸಿ, ತುದಿ ಬೆಸೆದ, ನಡುವಿಂದ ಆಚೆಗೊಂದು ಈಚೆಗೊಂದು ಅಂತ ಒಳಗೆ ಎರಡು ಕೋಲು ಅಡ್ಡ ಇಡೋಕೆ ಹೋದ್ರೆ ನಾಲ್ಕು ಬೆರಳು ಜಾಗ ಸಾಲಲಿಲ್ಲವಂತೆ. ಆಮೇಲೆ ಮರಿಯ ಏಳು ಕೋಲುದ್ದ ತಗೊಂಡ, ಅದು ಗೇಣು ಸಡಿಲ ಆಯ್ತಂತೆ, ಎಷ್ಟು ಕತ್ತರಿಸಿದ್ರೆ ಸರಿಹೋಗುತ್ತೆ ಅಂತ ಯಾರಿಗೂ ತಿಳೀಲಿಲ್ಲವಂತೆ. ಉಳಿದದ್ದು ಒಂದೇ ಸಲಾಕೆ. ನನ್ನ ಮಗಳು ಬರಲ್ಲ ಬಿಡಿ ಅಂತ ಸಾಕಮ್ಮನ ಅವ್ವ ಒಲೆ ಮುಂದೆ ಕಣ್ಣೊರೆಸಿಕೊಂಡಳಂತೆ.

ಚಿಕ್ಕತಾಯಿ ಅಂಗಳಕ್ಕೆ ಬಂದಳು. ಮದುವೆಗೆ ಮುಂಚೆ ಅಕ್ಕ ಅಲ್ಲೇ ಗೂಟ ನೆಟ್ಟು, ಹಗ್ಗ ಕಟ್ಟಿ, ಸುತ್ತ ಓಡಿ ಆಟಕ್ಕೆ ಗೆರೆ ಎಳೆಯೋಳು, ಇವಳು ಲಂಗ ಎತ್ತಿಕೊಂಡು ಹಿಂದಿಂದೇ ಓಡೋಳು. ಅದೆಲ್ಲ ನೆನಪಾಯ್ತಂತೆ. ತಟ್ಟನೆ ಗೂಟ ನೆಟ್ಟಳು, ಕೋಲಿನಷ್ಟು ಹಗ್ಗ ಬಿಟ್ಟು ದುಂಡಗೆ ಗೆರೆ ಎಳೆದಳು, ಆಮೇಲೆ ಗೆರೆ ಮೇಲೇ ದಾರ ಕೂರಿಸಿ, ಬಿಡಿಸಿ ಅಳೆದಳು. ದುಂಡಿನ ಅಡ್ಡಗಲ ಎರಡು ಕೋಲು, ಅಂಥ ಅಡ್ಡಗಲ ಮೂರು ಸಲ ಹೋಗಿ ಇನ್ನೂ ಚೂರು ಉಳೀತಂತೆ. ಅಡ್ಡಗಲದ ದಾರ ಏಳು ಮಡಿಕೆ ಮಡಿಸಿ ನೋಡಿದ್ರೆ, ಆ ಚೂರು ಒಂದು ಮಡಿಕೆಯಷ್ಟು! ಜರಡಿ ಅಳೆದಳು, ಮಡಕೆ ಬಾಯಿ ಅಳೆದಳು, ಎಲ್ಲದಕ್ಕೂ ಅದೇ ಲೆಕ್ಕ.

ಅಪ್ಪಾ, ಮೂರು ಅಡ್ಡಗಲ, ಮೇಲೊಂದು ಮಡಿಕೆ, ಕತ್ತರಿಸು ಅಂದಳಂತೆ.

ಇಷ್ಟು ವರ್ಷ ಬಡಿದ್ರೂ ನನಗಿದು ಕಾಣಲಿಲ್ವಲ್ಲೇ ಅಂತ ಕಾಳಾಚಾರಿ ಎದ್ದು ಕತ್ತರಿಸಿದ. ಎರಡು ಕೋಲು ಒಳಗೆ ಸರಿಯಾಗಿ ಕೂತವು. ಮಾರನೆ ದಿನ ಅಣ್ಣಂದಿರು ಪಟ್ಟೇನ ಗುಡ್ಡದ ದಾರೀಲಿ ಉರುಳಿಸಿಕೊಂಡೇ ಹೋದ್ರಂತೆ. ಅಲ್ಲಿ ಕೆಂಪಗೆ ಕಾಯಿಸಿ ಗಾಲಿಗೆ ತೊಡಿಸಿ, ನೀರು ಸುರಿದ್ರೆ ಪಟ್ಟೆ ಕುಗ್ಗಿ ಗಪ್ಪಂತ ಹಿಡೀತಂತೆ.

ಮೂರನೇ ದಿನ ಸಂಜೆ ಸಾಕಮ್ಮ ಬಂದಿಳಿದಳು. ತಂಗಿ ಹೆಗಲಿಗೆ ಒರಗಿ, ಅವ್ವಾ, ಹಸಿವು, ನಿನ್ನ ಕೈಯ ತುತ್ತು ಕೊಡೇ ಅಂದಳಂತೆ. ಮಗಳಿಗೆ ಬೇಕುಬೇಕಾದ್ದು ಬೇಯಿಸೋಕೆ ಅವ್ವ ಆವತ್ತು ರಾತ್ರಿ ಮೂರು ಸಲ ಒಲೆ ಹಚ್ಚಿದಳಂತೆ.

ಕತೆ ಇಷ್ಟೇ, ಅದೂ ಮಲಗ್ತು, ನೀನೂ ಮಲಗು.