ಬುರುಜು ಕೇಳಿದ ಬಲಿ

ಕೋಟೆಯ ಬುರುಜು ಮತ್ತೆ ಕುಸಿಯಿತು. ಆಸ್ಥಾನಕವಿ ಮಲ್ಲರಸನಿಗೆ ಕನಸು ಬಿತ್ತು. "ಪ್ರಭು, ಕೋಟೆಯಮ್ಮ ನರಬಲಿ ಕೇಳುತ್ತಿದ್ದಾಳೆ. ಬುರುಜು ಕಟ್ಟಿದವನ ಹೆಂಡತಿಯೇ ಆಗಬೇಕಂತೆ."

ಪಾಳೆಗಾರ ಕೂಡಲೇ ಒಪ್ಪಿದ. ಹೆಂಡತಿ ಅವನವಳಲ್ಲವಲ್ಲ.

ಬುರುಜು ಕಟ್ಟಿದ ಗಾರೆ ಕೆಲಸದವನು ಕೈಮುಗಿದ. "ಆಗಲಿ ಬುದ್ಧೀ. ಆದರೆ ಮೊದಲು ಹೊತ್ತ ಹರಕೆ ಮೊದಲು ತೀರಬೇಕಲ್ಲವೇ? ನವರಾತ್ರಿಯಲ್ಲಿ ಕವಿಗಳು ಅಮ್ಮನೆದುರು ನಿಂತು, ‘ನನ್ನೊಡಲೇ ಈ ಕೋಟೆಗೆ ಕಲ್ಲಾಗಲಿ’ ಅಂತ ಹಾಡಿದರು. ನಾವೆಲ್ಲ ಕೇಳಿದ್ದೇವೆ. ಅಮ್ಮನೂ ಕೇಳಿರುತ್ತಾಳೆ."

"ಅದೂ ಸರಿಯೇ," ಅಂದ ಪಾಳೆಗಾರ.

ಗಾರೆಯವನು ಅಳತೆಯ ದಾರ ಬಿಚ್ಚಿ ಕವಿಯ ಹೊಟ್ಟೆಯ ಸುತ್ತ ಹಿಡಿದ.

"ಅಯ್ಯೋ, ಅದು ಅಲಂಕಾರ ಕಣಯ್ಯಾ!" ಕವಿ ಕಿರುಚಿದ. "ಕಾವ್ಯದಲ್ಲಿ ಕೋಟೆ ಅಂದರೆ ಕೋಟೆಯಲ್ಲ, ಭಕ್ತಿ!"

"ಅದು ಅಮ್ಮನಿಗೆ ಗೊತ್ತಾಗುತ್ತದಾ ಸ್ವಾಮಿ?"

"ಗೊತ್ತಾಗದೆ ಏನು? ಅವಳು ಮಾತಾಡುವುದೂ ಅಲಂಕಾರದಲ್ಲೇ. ಬಲಿ ಅಂದರೆ ಬೂದುಗುಂಬಳ!"

ಅಂದೇ ಬುರುಜಿನ ಬುಡದಲ್ಲಿ ಬೂದುಗುಂಬಳ ಒಡೆದರು. ಗಾರೆಯವನ ಹೆಂಡತಿ ಒಂದು ಹೋಳು ತಂದು, ಕುಂಕುಮ ತೊಳೆದು, ಹುಳಿ ಮಾಡಿದಳು. ಗಂಡ ಮತ್ತೆ ಮತ್ತೆ ಬಡಿಸಿಕೊಂಡ.

ಮುಂದಿನ ಮಳೆಗೆ ಬುರುಜು ಇನ್ನೊಮ್ಮೆ ಕುಸಿಯಿತು. ಅಮ್ಮ ಈ ಸಲ ಏನೂ ಕೇಳುತ್ತಿಲ್ಲ ಎಂದು, ಯಾರೂ ವಿಚಾರಿಸುವ ಮೊದಲೇ, ಕವಿ ಹೇಳಿಬಿಟ್ಟ.