ಬಚ್ಚಿಟ್ಟ ಘಮ

ಪ್ರಯೋಗಾಲಯದ ಗಾಜಿನ ತಟ್ಟೆಯೊಂದರಲ್ಲಿ ಮನುಷ್ಯರು ಕೈಯಾರೆ ಮಾಡಿದ ನೂರು ಜೀವಕೋಶಗಳಿದ್ದವು. ಅವಕ್ಕೆ ವಾಸನೆಯೇ ಮಾತು. ಹೊಸ ವಾಸನೆ ತಿಳಿಯಬೇಕಾದರೆ ಅದಕ್ಕೆಂದೇ ಹೊಸ ಮೂಗು ಬೇಕು. ವಾಸನೆ ಮಾಡುವ ಬಗೆ, ಮೂಗು ಮಾಡುವ ಬಗೆ ಎರಡೂ ಒಂದೇ ಚೀಟಿಯಲ್ಲಿ. ಆ ಚೀಟಿಯನ್ನು ನೆರೆಹೊರೆಗೆಲ್ಲ ಹಂಚುವುದು ಅಲ್ಲಿಯ ವಾಡಿಕೆ.

ಒಂದು ದಿನ ದುಂಡುಕೋಶವು "ದೀಪ ಹಚ್ಚಿ" ಎನ್ನುವ ಘಮವೊಂದನ್ನು ಕಂಡುಹಿಡಿದು, ಚೀಟಿಯನ್ನು ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡಿತು.

"ಸಂಜೆಯೊಳಗೆ ನಾವು ಬೆಳಗದಿದ್ದರೆ ಪ್ರಯೋಗಾಲಯದ ಮೇಡಂ ತಟ್ಟೆ ತೊಳೆದುಬಿಡುತ್ತಾರಂತೆ. ಚೀಟಿ ಕೊಡು ಮಾರಾಯ" ಎಂದಿತು ಪಕ್ಕದ ಚಪ್ಪಟೆಕೋಶ.

"ಕೊಟ್ಟರೆ ಕೆಡಿಸುತ್ತೀರಿ. ಘಮ ನಾನು ಬಿಡುತ್ತೇನೆ, ನೀವು ಬೆಳಗಿ, ಸಾಕು" ಎಂದು ದುಂಡುಕೋಶ ಮೈಯುಬ್ಬಿಸಿ ಘಮ ಬಿಟ್ಟಿತು. ಯಾರೂ ಬೆಳಗಲಿಲ್ಲ. ಇನ್ನಷ್ಟು ಬಿಟ್ಟು, "ಹೊಟ್ಟೆಕಿಚ್ಚಿನವರು!" ಎಂದು ಬೈದಿತು.

"ಹೋಗಲಿ, ಅದು ಹೇಗಿದೆ ಅಂತ ನೀನಾದರೂ ಹೇಳು" ಎಂದಿತು ಚಪ್ಪಟೆಕೋಶ.

ದುಂಡುಕೋಶ ತಬ್ಬಿಬ್ಬಾಯಿತು. ಘಮದ ಸಂಭ್ರಮದಲ್ಲಿ ತನಗೂ ಮೂಗು ಮಾಡಿಕೊಂಡಿರಲಿಲ್ಲ!

ಅಷ್ಟರಲ್ಲಿ ನಲ್ಲಿ ತಿರುಗಿಸಿದ ಸದ್ದಾಯಿತು. ದುಂಡುಕೋಶ ಗಾಬರಿಬಿದ್ದು ತಟ್ಟೆಗೆಲ್ಲ ಚೀಟಿ ಹಂಚಿ, ತಾನೂ ಮೂಗು ಮಾಡಲು ಕೂತಿತು.

"ಅಯ್ಯೋ, ಈ ಘಮದಲ್ಲಿ ಉಪ್ಪು ಜಾಸ್ತಿ!" ಎಂದಿತು ಒಂದು ಕೋಶ. "ಚೀಟಿಯಿಂದ ತೆಗೆದೆ!" ಎಂದಿತು ಇನ್ನೊಂದು. "ಈಗ ಬಿಡಿ!" ಎಂದು ಎಲ್ಲವೂ ಕೂಗಿದವು. ತಟ್ಟೆ ಝಗ್ಗನೆ ಹಸಿರಾಗಿ ಬೆಳಗಿತು. ನಲ್ಲಿ ನಿಂತಿತು.

ದುಂಡುಕೋಶವೂ ಥಳಥಳ ಹೊಳೆಯುತ್ತ ಕೇಳಿತು: "ಆಹಾ, ಇಷ್ಟು ಚೆಂದದ ಘಮ ಯಾರದ್ದು?"

"ನಿನ್ನದೇ ಮಾರಾಯ" ಎಂದಿತು ಚಪ್ಪಟೆಕೋಶ, "ನಾವು ಕೆಡಿಸಿದ್ದು."