ಎರಡನೇ ಗೇರಿನ ದನಿ

ಊರವರ ಬಾವಿಯ ದಾರಿಗೆ ಬೇಲಿ ಹಾಕಿಸಿದ್ದ ದೇಸಾಯರಿಗೆ, ತೀರಿಹೋದ ತಂದೆಯ ಹಳೇ ಕಾರೆಂದರೆ ಪ್ರಾಣ. ಎರಡನೇ ಗೇರು ಹಾಕಿದಾಗಲೆಲ್ಲ ಅದರ ಗೇರ್‌ಬಾಕ್ಸ್ ನರಳತೊಡಗಿತು.

"ಸಂಜೆಯೊಳಗ ಸದ್ದು ನಿಲ್ಲಬೇಕು. ಇಲ್ಲಾಂದ್ರ ನನ್ನ ಜಾಗದಾಗಿಂದ ನಿನ್ನ ಶೆಡ್ ಎತ್ತು" ಎಂದು ಮೆಕ್ಯಾನಿಕ್ ಲಾಡಸಾಬನನ್ನು ಗದರಿದರು.

ಬೇಲಿ ಎದ್ದಾಗಿನಿಂದ ಲಾಡಸಾಬನ ಹೆಂಡತಿ ಎರಡು ಮೈಲಿ ದೂರದಿಂದ ನೀರು ಹೊರುತ್ತಿದ್ದಳು. ಅವನು ಕಾರಿಗೆ ಕಿವಿಗೊಟ್ಟು ಮೆಲ್ಲಗೆ ಹೇಳಿದ: "ಧಣ್ಯಾರ, ಇದು ನಿಮ್ಮ ಅಪ್ಪನವರ ದನಿ ಇದ್ದಂಗ ಐತಿ. 'ಬ್ಯಾಲಿ ತಗಿ, ಬ್ಯಾಲಿ ತಗಿ' ಅಂತಾರ. ನೀವ ಕೇಳ್ರಿ."

ದೇಸಾಯರು ಎರಡನೇ ಗೇರು ಹಾಕಿದರು. ಕೇಳುತ್ತ ಕೇಳುತ್ತ ಅವರ ಮುಖ ಬಿಳಿಚಿತು. ಮಧ್ಯಾಹ್ನದ ಹೊತ್ತಿಗೆ ಬೇಲಿ ಹೋಯಿತು.

ಲಾಡಸಾಬ ಒಳಗೊಳಗೇ ನಗುತ್ತ, ಸವೆದ ಬೇರಿಂಗ್ ಬದಲಿಸಲು ಗೇರ್‌ಬಾಕ್ಸ್ ಕಳಚಿ ಬೆಂಚಿನ ಮೇಲಿಟ್ಟ. ಆಗ ಖಾಲಿ ಕಾರಿನೊಳಗಿಂದ ಮುದುಕನ ದನಿ ಬಂತು:

"ನನ್ನ ಮಾತು ಛಲೋ ಮುಟ್ಟಿಸಿದಿ, ಲಾಡಸಾಬ."